ತಾಪದ ತಾಪತ್ರಯ

ಸೂಪರ್‌ಚಾರ್ಜರ್ ಎಂಬ, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ ಇರುವ ಕಾರು ಓಡಿಸುವವರು ರಸ್ತೆ ನೋಡುವುದು ಬಿಡುವಾದಾಗ ಮಾತ್ರ. ಉಳಿದ ಹೊತ್ತೆಲ್ಲ ಅವರ ಕಣ್ಣು ಒಂದು ಅಂಕಿಯ ಮೇಲಿರುತ್ತದೆ: ಇಂಜಿನ್ ಒಳಗೆ ಹೋಗುವ ಗಾಳಿ ಈಗ ಎಷ್ಟು ಡಿಗ್ರಿ. ಬಲ್ಲವರು ಅದನ್ನು ಐಎಟಿ ಎನ್ನುತ್ತಾರೆ. ನಮ್ಮ ಮನೆಯವರು ‘ನಂಬರ್’ ಎಂದು ಮುಗಿಸುತ್ತಾರೆ. ಸ್ಟೀರಿಂಗ್ ಕೆಳಗಿನ, ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಹೊರಗೆ ಕೊಡುವ ಓಬಿಡಿ ಪೋರ್ಟಿಗೆ ಒಂದು ಪುಟ್ಟ ಡಾಂಗಲ್ ಸಿಕ್ಕಿಸಿ, ಮೊಬೈಲನ್ನು ಡ್ಯಾಶ್‌ಬೋರ್ಡಿಗೆ ಕಚ್ಚಿಸಿದ ಮೇಲೆ ಕಾರಿನೊಳಗಿನ ಮಾತುಕತೆಯ ಧಾಟಿಯೇ ಬದಲಾಯಿತು. ಹಿಂದಿನ ಸೀಟಿನಿಂದ ಮಗಳು ಕತ್ತು ಚಾಚಿ, “ಅಪ್ಪಾ, ನಲವತ್ತೆಂಟು!” ಎಂದು ಕೂಗುತ್ತಾಳೆ. ನಾನು ಆ್ಯಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸುತ್ತೇನೆ. ಪಕ್ಕದಲ್ಲಿ ಕೂತ ಅಮ್ಮ, “ಯಾರ ಮಾರ್ಕ್ಸು? ಇಷ್ಟು ಕಮ್ಮಿ?” ಎಂದು ಗಾಬರಿಯಾಗುತ್ತಾಳೆ.

ತಂಟೆಯೆಲ್ಲ ಗಾಳಿಯ ಸ್ವಭಾವದ್ದು. ಒತ್ತಿದರೆ ಅದಕ್ಕೆ ಬಿಸಿಯೇರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಕೈಗೆ ಚುರುಕ್ಕೆಂದ ನೆನಪಿರುತ್ತದೆ. ಸೂಪರ್‌ಚಾರ್ಜರ್ ಮಾಡುವುದೂ ಅದನ್ನೇ. ತೋಳಿನ ಬದಲು ಇಂಜಿನ್ನಿಗೆ ಹಾಕಿದ ಬೆಲ್ಟು ಅದನ್ನು ತಿರುಗಿಸುತ್ತದೆ, ಅಷ್ಟೇ. ಹೊರಗಿನ ಗಾಳಿ 30 ಡಿಗ್ರಿ ಇದೆ, ಅದರ ಒತ್ತಡವನ್ನು ಒಂದೂವರೆ ಪಟ್ಟು ಮಾಡಿದಿರಿ, ಅಂದರೆ 7 ಪಿಎಸ್‌ಐ ಚಿಲ್ಲರೆ ಬೂಸ್ಟ್ ಕೊಟ್ಟಿರಿ ಎಂದುಕೊಳ್ಳಿ. ಪುಸ್ತಕದಲ್ಲಿ ಮಾತ್ರ ಸಿಗುವ, ಎಳ್ಳಷ್ಟೂ ನಷ್ಟವಿಲ್ಲದ ಕಂಪ್ರೆಸರ್ ಕೂಡ ಆ ಗಾಳಿಯನ್ನು 67 ಡಿಗ್ರಿಗೆ ಮುಟ್ಟಿಸುತ್ತದೆ. ನಿಜವಾದ ಬ್ಲೋವರಿನ, ಅಂದರೆ ಸೂಪರ್‌ಚಾರ್ಜರಿನ, ದಕ್ಷತೆ ಶೇಕಡಾ 60 ಎಂದು ಹಿಡಿದರೆ 90 ದಾಟಿಹೋಯಿತು. ಬಿಸಿಗಾಳಿ ತೆಳು, ಹತ್ತು ಡಿಗ್ರಿ ಏರಿದರೆ ಅದೇ ಒತ್ತಡದಲ್ಲಿ ಒಳಹೋಗುವ ಗಾಳಿ ಸುಮಾರು ಶೇಕಡಾ 3ರಷ್ಟು ಖೋತಾ. ಅದೂ ಹೋಗಲಿ ಎಂದರೆ, ಮಿತಿಮೀರಿ ಬಿಸಿಯಾದ ಗಾಳಿ-ಪೆಟ್ರೋಲ್ ಮಿಶ್ರಣ ಸಿಲಿಂಡರಿನೊಳಗೆ ಹೇಳದೆ ಕೇಳದೆ ತಾನೇ ಸಿಡಿಯತೊಡಗುತ್ತದೆ. ಅದೇ ನಾಕಿಂಗ್. ಅದಕ್ಕೆ ಹೆದರಿದ ಕಾರಿನ ಕಂಪ್ಯೂಟರು ಸ್ಪಾರ್ಕ್ ಹಾರುವ ಗಳಿಗೆಯನ್ನು ತಡ ಮಾಡುತ್ತದೆ. ದುಡ್ಡು ಕೊಟ್ಟು ತಂದು ಕಟ್ಟಿದ ಕುದುರೆಗಳು ಒಂದೊಂದಾಗಿ ಹಗ್ಗ ಬಿಚ್ಚಿಕೊಂಡು ಹೊರಡುತ್ತವೆ. ಒಂದು ಕೈಯಲ್ಲಿ ದುಡ್ಡು ಸುರಿದು ಬಿಸಿ ಹುಟ್ಟಿಸುವುದು, ಇನ್ನೊಂದು ಕೈಯಲ್ಲಿ ದುಡ್ಡು ಸುರಿದು ಆ ಬಿಸಿಯನ್ನು ಓಡಿಸುವುದು. ನನ್ನ ಹವ್ಯಾಸ ಇಷ್ಟೇ.

ನನ್ನ ಕಾರಿನಲ್ಲಿರುವ ರೂಟ್ಸ್ ಮಾದರಿಯ ಬ್ಲೋವರಿನ ಜಾತಕವೇ ಹಾಗಿದೆ ಅನ್ನಿ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಪೆಟ್ರೋಲ್ ಕಾರು ಇನ್ನೂ ಹುಟ್ಟಿರಲಿಲ್ಲ. ಆ ಯಂತ್ರ ಹೆಸರು ಮಾಡಿದ್ದು ಕುಲುಮೆಗಳಿಗೂ ಗಣಿಗಳಿಗೂ ಗಾಳಿ ಊದಿ. ಈಗ ಬಾನೆಟ್ ಕೆಳಗೆ ಕೂತಿದ್ದರೂ ಕುಲುಮೆಯ ಋಣ ತೀರಿಸುತ್ತಲೇ ಇದೆ. ಇದು ನನ್ನೊಬ್ಬನ ಗೋಳಲ್ಲ ಎಂಬುದಷ್ಟೇ ಸಮಾಧಾನ. 1942ರಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನಕ್ಕೆ ಎರಡು ಹಂತದ ಸೂಪರ್‌ಚಾರ್ಜರ್ ಇದ್ದ ಮರ್ಲಿನ್ ಇಂಜಿನ್ ಕೂರಿಸಿದಾಗ, ಎರಡೆರಡು ಸಲ ಹಿಂಡಿಸಿಕೊಂಡು ಕಾದ ಗಾಳಿಯನ್ನು ತಣಿಸಲು ರೋಲ್ಸ್ ರಾಯ್ಸ್‌ನವರೂ ಇಂಟರ್‌ಕೂಲರ್ ಇಡಬೇಕಾಯಿತು. ಅವರಿಗಾದರೋ 30,000 ಅಡಿ ಮೇಲೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಗಾಳಿ ಪುಕ್ಕಟೆ ಸಿಗುತ್ತಿತ್ತು. ನನಗೆ ಸಿಗುವುದು ಮುಂದಿನ ಲಾರಿಯ ಹೊಗೆ.

ನನಗೊಬ್ಬ ಗೆಳೆಯನಿದ್ದಾನೆ. ಅವನ ಬಳಿ ಸೂಪರ್‌ಚಾರ್ಜರ್ ಕಾರಿಲ್ಲ. ಆದ್ದರಿಂದ ಅದರ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಯಾವ ಕಾಯಿಲೆಗೂ ಅವನ ಮೊದಲ ಮದ್ದು, “ಪುಲ್ಲಿ ಚಿಕ್ಕದು ಹಾಕ್ಸು ಮಗಾ.” ಬೆಲ್ಟು ಸುತ್ತುವ ಗಾಲಿಯಾದ ಪುಲ್ಲಿ ಚಿಕ್ಕದಾದರೆ ಬ್ಲೋವರ್ ಇನ್ನೂ ಜೋರಾಗಿ ತಿರುಗುತ್ತದೆ, ಬೂಸ್ಟ್ ಏರುತ್ತದೆ, ಜತೆಗೆ ಬಿಸಿಯೂ ಏರುತ್ತದೆ ಎಂದರೆ, “ಬಿಸಿ ಆಮೇಲೆ ನೋಡ್ಕೊಳ್ಳೋಣ” ಎನ್ನುತ್ತಾನೆ. ನೋಡಿಕೊಳ್ಳಬೇಕಾದವನು ನಾನು.

ಅವನ ಎರಡನೆಯ ಮದ್ದು, ಗಾಳಿಯ ಡಬ್ಬಿಯನ್ನೇ ಕಿತ್ತುಹಾಕಿ ಕೋನ್ ಆಕಾರದ ಬಯಲು ಫಿಲ್ಟರ್ ಕೂರಿಸುವುದು. ಕೂರಿಸಿಯೂ ಬಿಟ್ಟ. ಪೆಡಲ್ ಒತ್ತಿದರೆ ಬ್ಲೋವರಿನ ಸಿಳ್ಳೆ ಆ ಬೀದಿಗೆಲ್ಲ ಕೇಳುತ್ತಿತ್ತು. “ಸೌಂಡ್ ಕೇಳೋ, ಸೌಂಡು!” ಎಂದು ಅವನು ಕುಣಿಯುತ್ತಿದ್ದರೆ ಒಳಗೆ ಮಗಳು, “ಐವತ್ತೊಂಬತ್ತು, ಅರವತ್ತು, ಅರವತ್ತೊಂದು” ಎಂದು ಎಣಿಸುತ್ತಿದ್ದಳು. ಕಂಪನಿಯವರು ಕೊಟ್ಟ ಕುರೂಪಿ ಕರಿ ಡಬ್ಬಿ ತನ್ನ ಸೊಂಡಿಲನ್ನು ಗ್ರಿಲ್ಲಿನ ಹಿಂದಕ್ಕೆ ಚಾಚಿ ಹೊರಗಿನ ಗಾಳಿ ಕುಡಿಯುತ್ತಿತ್ತು. ಈ ಹೊಳೆಯುವ ಫಿಲ್ಟರು ಎಕ್ಸಾಸ್ಟ್ ಪೈಪಿನ ಮಗ್ಗುಲಲ್ಲೇ ಕೂತು, ಇಂಜಿನ್ ಬೆವರಿ ಬಿಟ್ಟ ಗಾಳಿಯನ್ನೇ ಇಂಜಿನ್ನಿಗೆ ಬಡಿಸುತ್ತಿತ್ತು. ಇದನ್ನು ಮಾರುವಾಗ ಪೊಟ್ಟಣದ ಮೇಲೆ ಹಿಮದ ಬೆಟ್ಟದ ಚಿತ್ರ ಹಾಕಿರುತ್ತಾರೆ. ಕಾರಿನವರಲ್ಲಿ ಹಾಸ್ಯಪ್ರಜ್ಞೆ ಕಡಿಮೆ ಎಂದವರು ಯಾರು?

ಆಮೇಲೆ ಬಂತು ವಾಷರ್ ಯೋಜನೆ. ಬಾನೆಟ್ಟಿನ ಹಿಂಬದಿಯ ಕೀಲುಗಳ ಕೆಳಗೆ ದಪ್ಪ ವಾಷರ್ ಇಟ್ಟು ಅದನ್ನು ಎರಡು ಬೆರಳಷ್ಟು ಎತ್ತಿದರೆ ಬಿಸಿಗಾಳಿ ತಾನಾಗಿ ಹೊರಬೀಳುತ್ತದಂತೆ. ನಿಂತಿರುವಾಗ ಬೀಳುತ್ತದೆ, ಸುಳ್ಳಲ್ಲ. ಆದರೆ ಕಾರು ಓಡುವಾಗ ಮುಂದಿನ ಗಾಜಿನ ಬುಡಕ್ಕೆ ಗಾಳಿ ಬಂದು ಅಪ್ಪಳಿಸಿ ಅಲ್ಲಿ ಒತ್ತಡ ಹೆಚ್ಚಿರುತ್ತದೆ. ಕಾರು ಮಾಡುವವರು ಕ್ಯಾಬಿನ್ನಿಗೆ ಹೊರಗಿನ ಗಾಳಿ ಎಳೆಯುವ ಜಾಲರಿಯನ್ನು ಅಲ್ಲೇ ಇಡುವುದು ಅದಕ್ಕೇ. ಹೀಗಾಗಿ ಓಡುವಾಗ ಆ ಸಂದಿಯಲ್ಲಿ ಗಾಳಿ ಒಳಕ್ಕೇ ನುಗ್ಗುತ್ತಿತ್ತು. ನಿಂತಾಗ ಹೊರಬಂದ ಬಿಸಿ ನೆಟ್ಟಗೆ ಜಾಲರಿಯೊಳಗಿಳಿದು ನಮ್ಮ ಮುಖಕ್ಕೆ ಬಡಿಯುತ್ತಿತ್ತು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಏನೋ ಸುಟ್ಟ ವಾಸನೆ ಕಣೋ” ಎಂದಳು. ಹಿಂದಿನಿಂದ ಗೆಳೆಯ, “ಇಲ್ಲಾ ಅಮ್ಮಾ, ಅದು ಪರ್ಫಾರ್ಮೆನ್ಸ್ ವಾಸನೆ” ಎಂದ.

ಅವನ ಕೊನೆಯ ಅಸ್ತ್ರ ಚಿನ್ನದ ಬಣ್ಣದ ಟೇಪು. 1992ರಲ್ಲಿ ಬಂದ ಮೆಕ್‌ಲಾರೆನ್ ಎಫ್1 ಕಾರಿನ ಇಂಜಿನ್ ಕೋಣೆಗೆ ನಿಜವಾದ ಚಿನ್ನದ ಹಾಳೆಯನ್ನೇ ಒತ್ತಿದ್ದರು. ಬಿಸಿಯ ವಿಕಿರಣವನ್ನು ಹಿಂದಕ್ಕೆ ಅಟ್ಟಲು ಚಿನ್ನ ಗಟ್ಟಿಗ. ಈ ಸಂಗತಿ ಅವನ ಕಿವಿಗೆ ಬಿದ್ದು, ಸುರುಳಿಗಟ್ಟಲೆ ಟೇಪು ತಂದು ಕಂಡಕಂಡ ಪೈಪಿಗೆಲ್ಲ ಸುತ್ತಿದ. ದೂರದಿಂದ ಬೀಸುವ ಬಿಸಿಯನ್ನು ಅದು ತಡೆಯುವುದು ಹೌದು. ಆದರೆ ಇಂಜಿನ್ನಿಗೇ ಬೋಲ್ಟು ಹಾಕಿ ಬಿಗಿದ, ಸಿಲಿಂಡರುಗಳಿಗೆ ಗಾಳಿ ಹಂಚುವ ಅಲ್ಯೂಮಿನಿಯಂ ಮ್ಯಾನಿಫೋಲ್ಡಿಗೆ ಬಿಸಿ ಲೋಹದ ಮೂಲಕವೇ ಹತ್ತಿ ಬರುತ್ತದೆ. ಅದಕ್ಕೆ ಬಂಗಾರದ ಅಂಗಿಯ ಹಂಗಿಲ್ಲ.

ಟೇಪು ಸುತ್ತಿದ ದಿನವೇ ಪವಾಡ ನಡೆಯಿತು. ಕಾರು ಚಾಲೂ ಮಾಡಿದರೆ ಮೊಬೈಲಿನಲ್ಲಿ −40 ಡಿಗ್ರಿ! ಗೆಳೆಯನ ಕಣ್ಣು ತುಂಬಿಬಂತು. “ನೋಡಿದ್ಯಾ? ಟೇಪು! ಟೇಪು ಮಗಾ!” ಎಂದು ಬಾನೆಟ್ಟಿಗೆ ಎರಡೂ ಕೈ ಮುಗಿದ. ನನಗೆ ಅನುಮಾನ ಬಂದಿದ್ದನ್ನು ಕಂಡು ಆ್ಯಪಿನಲ್ಲಿ ಸೆಲ್ಸಿಯಸ್ ತೆಗೆದು ಫ್ಯಾರನ್‌ಹೀಟ್ ಹಾಕಿ ತೋರಿಸಿದ. ಆಗಲೂ −40. “ಎರಡರಲ್ಲೂ ಅಷ್ಟೇ ಬರ್ತಿದೆ ಅಂದ್ರೆ ಪಕ್ಕಾ ಸರಿ!” ಎರಡು ಅಳತೆಗಳೂ ಒಂದಾಗುವುದು ಇಡೀ ಕೋಲಿನಲ್ಲಿ ಅದೊಂದೇ ಜಾಗದಲ್ಲಿ. ಓಬಿಡಿಯ ಲೆಕ್ಕದಲ್ಲಿ ಗಾಳಿಯ ತಾಪ ಶುರುವಾಗುವುದೂ ಅಲ್ಲಿಂದಲೇ, ಅದಕ್ಕಿಂತ ಕೆಳಗೆ ಅಂಕಿಯೇ ಇಲ್ಲ. ಗಾಳಿಯ ಸೆನ್ಸರಿನಲ್ಲಿ ಇರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವ ಒಂದು ಮಣಿ. ಟೇಪು ಸುತ್ತುವ ಭರದಲ್ಲಿ ಅವನ ಮೊಣಕೈ ತಾಗಿ ಅದರ ಪ್ಲಗ್ಗು ಕಳಚಿತ್ತು. ತಂತಿಯೇ ಕಡಿದಂತಾದಾಗ ರೆಸಿಸ್ಟೆನ್ಸ್ ಆಕಾಶ ಮುಟ್ಟುತ್ತದೆ. ಪಾಪ, ಕಂಪ್ಯೂಟರು ತಾನು ಧ್ರುವಪ್ರದೇಶದಲ್ಲಿದ್ದೇನೆ ಎಂದುಕೊಳ್ಳುತ್ತದೆ. ಇಂಜಿನ್ ದೀಪವೂ ಹತ್ತಿತ್ತು, ಕೋಡ್ ಪಿ0113. ಪ್ಲಗ್ಗನ್ನು ಟಿಕ್ಕೆನ್ನುವವರೆಗೆ ಒತ್ತಿದೆ. −40 ಇದ್ದದ್ದು ಒಂದೇ ನೆಗೆತಕ್ಕೆ 44 ಆಯಿತು. “ನೀನು ಮುಟ್ಟಿ ಹಾಳು ಮಾಡ್ದೆ” ಎಂದು ಅವನು ಮುಖ ಊದಿಸಿಕೊಂಡು ಹೋದ.

ನನ್ನ ಕಾರಿನಲ್ಲಿ ಗಾಳಿಯನ್ನು ತಣಿಸುವುದು ನೀರು. ಬ್ಲೋವರಿನ ಕೆಳಗೊಂದು ಪುಟ್ಟ ಜಾಲರಿಯ ಇಂಟರ್‌ಕೂಲರ್, ಮುಂದೆ ಗ್ರಿಲ್ಲಿನ ಹಿಂದೆ ಇನ್ನೊಂದು ರೇಡಿಯೇಟರ್, ನಡುವೆ ನೀರು ಸುತ್ತಿಸಲು ಒಂದು ಎಲೆಕ್ಟ್ರಿಕ್ ಪಂಪು. ಇಂಜಿನ್ನಿನ ಕೂಲಂಟಿಗೂ ಇದಕ್ಕೂ ಸಂಬಂಧವಿಲ್ಲ, ಇದರ ಸಂಸಾರವೇ ಬೇರೆ. ತೂಕಕ್ಕೆ ತೂಕ ಹಿಡಿದರೆ ನೀರು ಗಾಳಿಯ ನಾಲ್ಕು ಪಟ್ಟು ಬಿಸಿ ನುಂಗಬಲ್ಲದು. ನುಂಗಲು ನೀರು ಹರಿಯುತ್ತಿರಬೇಕು, ಅಷ್ಟೇ ಷರತ್ತು. ಒಮ್ಮೆ ವರ್ಕ್‌ಶಾಪೊಂದರಲ್ಲಿ ಹೋಸ್ ಬದಲಿಸಿದ ಮೇಲೆ ಅಂಕಿ ಇಳಿಯುವ ಮಾತೇ ಆಡಲಿಲ್ಲ. ನೀರು ತುಂಬಿದೆ, ಪಂಪು ಗುಂಯ್ ಎನ್ನುತ್ತಿದೆ, ಫ್ಯೂಸು ಚೆನ್ನಾಗಿದೆ. ಗೆಳೆಯ ಪುಲ್ಲಿ ಎಂದ.

ಕೊನೆಗೆ ಬೇರೊಬ್ಬ ಮೆಕ್ಯಾನಿಕ್ಕನ್ನು ಕರೆದೆ. ಮಿತಭಾಷಿ. ಬಂದವನು ಮೊಬೈಲಿನ ಕಡೆ ನೋಡಲೇ ಇಲ್ಲ. ನೀರಿನ ಡಬ್ಬಿಯ ಮುಚ್ಚಳ ತೆಗೆದು, ಮಗಳ ಕೈಗೆ ಟಾರ್ಚು ಕೊಟ್ಟು, “ನೀರು ಅಲ್ಲಾಡ್ತಿದೆಯಾ ಪುಟ್ಟಿ?” ಎಂದು ಕೇಳಿದ. ಅವಳು ಬಗ್ಗಿ ನೋಡಿ, “ಇಲ್ಲ ಅಂಕಲ್, ಸುಮ್ನೆ ನಿಂತಿದೆ” ಎಂದಳು. “ಏರ್ ಸಾರ್” ಎಂದ ಅವನು ನನ್ನತ್ತ ತಿರುಗಿ. ಕಾರಿನ ಮೂತಿಯನ್ನು ಜಾಕ್ ಕೊಟ್ಟು ಎತ್ತಿದ. ಬಾನೆಟ್ಟಿನೊಳಗೆ ಕೈ ತೂರಿಸಿ ಒಂದು ದಪ್ಪ ಹೋಸನ್ನು ಹಿಡಿದು ಅಮುಕಿದ, ಬಿಟ್ಟ, ಅಮುಕಿದ, ಬಿಟ್ಟ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಡಬ್ಬಿಯೊಳಗಿಂದ ಒಂದು ಗುಳುಕ್. ಇನ್ನೊಂದು. ಥಟ್ಟನೆ ದೊಡ್ಡದೊಂದು ಗುಳ್ಳೆ ಎದ್ದು ಮಗಳ ಕನ್ನಡಕಕ್ಕೆ ಗುಲಾಬಿ ಬಣ್ಣದ ಕೂಲಂಟ್ ಸಿಡಿಸಿತು. ನೀರಿನ ಮಟ್ಟ ಗುಟುಕ್ಕೆಂದು ಇಳಿಯಿತು, ಅವನು ತುಂಬಿಸಿದ, ಮತ್ತೆ ಇಳಿಯಿತು. ಕಡೆಗೆ ನೀರು ಮೇಲ್ಮೈಯಲ್ಲಿ ಸಣ್ಣದಾಗಿ ಸುಳಿ ತಿರುಗತೊಡಗಿತು. ಗಾಳಿಯನ್ನು ತಣಿಸಬೇಕಾದ ನೀರಿಗೆ ಗಾಳಿಯೇ ಅಡ್ಡ ಮಲಗಿತ್ತು. ಅವನು ಕೈ ಒರೆಸಿಕೊಂಡು ಚಿನ್ನದ ಟೇಪನ್ನು ಒಂದು ಕ್ಷಣ ನೋಡಿದ. ಏನೂ ಹೇಳಲಿಲ್ಲ. ಆ ಮರ್ಯಾದೆಗೆ ನಾನು ಇಂದಿಗೂ ಋಣಿ.

ನೀರು ಹರಿದರೂ ನಿಂತ ಕಾರಿನ ಕಾಟ ತಪ್ಪದು. ಚೆನ್ನಾಗಿ ಓಡಿಸಿ, ಹತ್ತು ನಿಮಿಷ ಆಫ್ ಮಾಡಿ ನಿಲ್ಲಿಸಿ, ಮತ್ತೆ ಚಾಲೂ ಮಾಡಿ ನೋಡಿ. ಕಾರು ಏನೂ ಕೆಲಸ ಮಾಡದೆ ಇದ್ದಾಗಲೇ ಅಂಕಿ ಶಿಖರದಲ್ಲಿರುತ್ತದೆ. ಇಂಜಿನ್ನಿನ ಬಿಸಿಯೆಲ್ಲ ಮೇಲೆದ್ದು ಬ್ಲೋವರ್, ಇಂಟರ್‌ಕೂಲರ್, ಸೆನ್ಸರ್ ಎಲ್ಲಕ್ಕೂ ಹೊಕ್ಕಿರುತ್ತದೆ. ಹೀಟ್ ಸೋಕ್ ಎನ್ನುವುದು ಇದಕ್ಕೆ. ಸೆನ್ಸರ್ ಆಗ ಗಾಳಿಗಿಂತ ಹೆಚ್ಚಾಗಿ ತಾನು ಕೂತ ಲೋಹದ ಬಿಸಿಯನ್ನೇ ವರದಿ ಮಾಡುತ್ತಿರುತ್ತದೆ, ಕಂಪ್ಯೂಟರು ಅದನ್ನೇ ನಂಬುತ್ತದೆ. ಬಂಧುಗಳು “ಎಲ್ಲಿ, ಒಂದ್ಸಲ ಒತ್ತಿ ತೋರ್ಸು” ಎನ್ನುವುದು ಸರಿಯಾಗಿ ಈ ಮುಹೂರ್ತದಲ್ಲೇ. ಒತ್ತಿದರೆ ಸಿಳ್ಳೆ ಬರುತ್ತದೆ, ಕಾರು ಬರುವುದಿಲ್ಲ. ಪಕ್ಕದಿಂದ ಛಾವಣಿಯ ಮೇಲೆ ಹಾಸಿಗೆ ಕಟ್ಟಿಕೊಂಡ ಪುಟ್ಟ ಕಾರೊಂದು ನಮ್ಮನ್ನು ದಾಟಿ ಹೋಗುತ್ತದೆ. “ಸ್ವಲ್ಪ ದೂರ ಓಡಲಿ, ಇಳಿಯುತ್ತೆ” ಎಂದು ನಾನು ವಿವರಿಸುವಷ್ಟರಲ್ಲಿ ಅವರು ಇಳಿಯುವ ಜಾಗ ಬಂದಿರುತ್ತದೆ.

ಡ್ರ್ಯಾಗ್ ರೇಸಿನವರು ನೀರಿನ ಡಬ್ಬಿಗೆ ಐಸ್ ಸುರಿಯುತ್ತಾರೆ. ಲೆಕ್ಕ ಗಟ್ಟಿಯೇ: ಸೊನ್ನೆ ಡಿಗ್ರಿಯ ಐಸು ಕರಗುವುದರಲ್ಲೇ ನುಂಗುವ ಬಿಸಿಯಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಹುದು. ಅವರ ಓಟ ಮುಗಿಯುವುದು ಕಾಲು ಮೈಲಿಗೆ. ನನ್ನ ಐಸು ಮೊದಲ ಸಿಗ್ನಲ್ಲಿನಲ್ಲೇ ನೀರಾಗಿತ್ತು. “ಫ್ರಿಜ್ಜಲ್ಲಿದ್ದ ಐಸೆಲ್ಲ ಎಲ್ಲಿ?” ಎಂದು ಅಮ್ಮ ಕೇಳಿದ್ದಕ್ಕೆ ಮಗಳು, “ಕಾರು ಕುಡೀತು” ಎಂದಳು. ನೀರು-ಮೆಥನಾಲ್ ಸಿಂಪಡಿಸಿ ಗಾಳಿ ತಣಿಸುವ ಉಪಾಯವೂ ಇದೆ, ಒಳ್ಳೆಯದೇ. ಆದರೆ 1962ರಲ್ಲಿ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಟರ್ಬೊ ಕಾರಿಗೆ ಅಂಥದೇ ದ್ರವದ ಟ್ಯಾಂಕು ಇಟ್ಟಾಗ ಮಾಲೀಕರು ಅದನ್ನು ತುಂಬಿಸುವುದನ್ನೇ ಮರೆಯುತ್ತಿದ್ದರು. ನಮ್ಮ ಮನೆಯಲ್ಲಿ ವೈಪರ್ ನೀರು ತುಂಬಿಸುವುದು ಯಾರ ಕೆಲಸ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ.

ಈಗ ಹಳೆಯ ಕರಿ ಡಬ್ಬಿ ತನ್ನ ಜಾಗಕ್ಕೆ ಮರಳಿದೆ, ವಾಷರುಗಳು ಹೋಗಿವೆ, ಗ್ರಿಲ್ಲಿನ ಹಿಂದೆ ಕೊಂಚ ದೊಡ್ಡ ರೇಡಿಯೇಟರ್ ಕೂತಿದೆ. ಇದರಿಂದಾದಷ್ಟು ಉಪಕಾರ ಮಿಕ್ಕ ಯಾವುದರಿಂದಲೂ ಆಗಿಲ್ಲ. ತೋರಿಸಿಕೊಳ್ಳಲು ಮಾತ್ರ ಏನೂ ಇಲ್ಲ. ಉಳಿದಿರುವುದು ಎಸಿಯ ವ್ಯಾಜ್ಯ. ಎಸಿ ಹಾಕಿದರೆ ಅದರ ಕಂಡೆನ್ಸರ್ ಒಳಗಿನ ಬಿಸಿಯನ್ನೆಲ್ಲ ಮುಂದುಗಡೆ ಕಾರುತ್ತದೆ, ಆ ಬಿಸಿಗಾಳಿಯೇ ನನ್ನ ರೇಡಿಯೇಟರಿಗೂ ಬೀಸುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಅಂಕಿ ಐವತ್ತೈದು ದಾಟಿದರೆ ನನ್ನ ಬೆರಳು ಮೆಲ್ಲಗೆ ಎಸಿ ಗುಂಡಿಯತ್ತ ಸರಿಯುತ್ತದೆ. ಅಮ್ಮನ ಬೆರಳು ಅಲ್ಲಿ ಮೊದಲೇ ಕಾವಲಿರುತ್ತದೆ.

ಮೊನ್ನೆ ಅವಳ ಮನಸ್ಸು ಒಲಿಸಲೆಂದು, 2018ರ ಡಾಡ್ಜ್ ಡೀಮನ್ ಎಂಬ ಕಾರಿನ ಕಥೆ ಹೇಳಿದೆ. ಅದನ್ನು ಮಾಡಿದವರು ಎಸಿಯ ತಂಪನ್ನೇ ತಿರುಗಿಸಿ ಸೂಪರ್‌ಚಾರ್ಜರಿನ ನೀರಿಗೆ ಕೊಟ್ಟರು, ರೇಸಿಗೆ ನಿಂತಾಗ ಕೂತವರಿಗೆ ತಂಪಿಲ್ಲ, ಇಂಜಿನ್ನಿಗೆ ಮಾತ್ರ ಎಂದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

“ಹಾಗಾದ್ರೆ ಒಂದು ಕೆಲಸ ಮಾಡು. ನಾನು ಬಾನೆಟ್ ಒಳಗೆ ಕೂತ್ಕೋತೀನಿ, ನಿನ್ನ ಸೂಪರ್‌ಚಾರ್ಜರನ್ನ ಈ ಸೀಟಲ್ಲಿ ಕೂರಿಸು. ಬೆಲ್ಟಂತೂ ಅದಕ್ಕೆ ಮೊದಲೇ ಇದೆಯಂತಲ್ಲ.”

ಮಗಳು ಹಿಂದಿನಿಂದ ಮೊಬೈಲ್ ಕಡೆ ಬಗ್ಗಿ, “ಬೇಡ ಅಜ್ಜಿ, ಅಲ್ಲೀಗ ಅರವತ್ಮೂರು” ಎಂದಳು.