ನಾಲ್ಕನೇ ಪಾಯಿಂಟ್ ಏನಿತ್ತು, ಸರ್?

ಕೆಲವು ವರ್ಷದ ಹಿಂದಿನ ಮಾತು. ಕಾಲೇಜು ವಿದ್ಯಾರ್ಥಿಗಳ ಇಂಗ್ಲಿಷ್ ಡಿಬೇಟ್ ಒಂದಕ್ಕೆ ಜಡ್ಜ್ ಆಗಿ ಕೂತಿದ್ದೆ. ಒಬ್ಬ ಹುಡುಗ ಎದ್ದು ನಿಂತವನೇ ಜೋರು ಮಳೆ ಸುರಿದ ಹಾಗೆ ಮಾತು ಶುರು ಮಾಡಿದ. ನಾನು ಬರೆದುಕೊಳ್ಳುತ್ತಾ ಹೋದೆ. ಮೊದಲ ಮೂರು ವಾದ ಹೇಗೋ ಕೈಗೆ ಸಿಕ್ಕಿದವು. ನಾಲ್ಕನೆಯದರ ಎದುರು ಎರಡೇ ಪದ ಗೀಚಿದ್ದೆ. ಎದುರು ತಂಡ ಅದಕ್ಕೆ ಉತ್ತರ ಕೊಡಲಿಲ್ಲ. ಉತ್ತರ ಕೊಡದಿದ್ದರೆ ಒಪ್ಪಿಕೊಂಡ ಹಾಗೆ, ಇದು ಡಿಬೇಟಿನ ಲೆಕ್ಕ. ಅದೇ ಲೆಕ್ಕ ಹಿಡಿದು ಹುಡುಗನ ತಂಡವನ್ನು ಗೆಲ್ಲಿಸಿದೆ.

ಮುಗಿದ ಮೇಲೆ ಸೋತ ತಂಡದ ಹುಡುಗಿ ಹತ್ತಿರ ಬಂದಳು. ಜಗಳಕ್ಕಲ್ಲ, ತಿಳಿದುಕೊಳ್ಳೋಣ ಅಂತ. "ಅವರ ನಾಲ್ಕನೇ ಪಾಯಿಂಟ್ ಏನಿತ್ತು, ಸರ್? ನಮಗೆ ಗೊತ್ತಾಗಲಿಲ್ಲ" ಅಂದಳು. ನನ್ನ ಹಾಳೆ ನೋಡಿಕೊಂಡೆ. ನನಗೂ ಗೊತ್ತಾಗಿರಲಿಲ್ಲ.

ಆ ತೀರ್ಪು ತಪ್ಪು. ಈಗಲೂ ನೆನೆದರೆ ಚುಚ್ಚುತ್ತದೆ. ಡಿಬೇಟಿನ ಮಾತಿನ ವೇಗದ ಬಗ್ಗೆ ಎಲ್ಲೇ ಚರ್ಚೆ ಎದ್ದರೂ ಜನ ಬೈಯುವುದು ಮಕ್ಕಳನ್ನೇ. "ಉಸಿರು ಬಿಡದೆ ಓದ್ತಾರೆ, ಒಂದಕ್ಷರ ತಿಳಿಯಲ್ಲ" ಅಂತ. ನನ್ನ ಪ್ರಕಾರ ತಪ್ಪು ಇರೋದು ಜಡ್ಜ್ ಕುರ್ಚಿಯಲ್ಲಿ. ನಾವು ಯಾವುದಕ್ಕೆ ಅಂಕ ಕೊಡುತ್ತೇವೋ ಮಕ್ಕಳು ಅದನ್ನೇ ಕಲಿಯುತ್ತಾರೆ.

ಅಮೆರಿಕದ ಪಾಲಿಸಿ ಡಿಬೇಟ್ ನೋಡಿ. ಇಬ್ಬರಿಗೆ ಇಬ್ಬರು, ಇಡೀ ವರ್ಷಕ್ಕೆ ಒಂದೇ ವಿಷಯ. ಹೈಸ್ಕೂಲಿನಲ್ಲಿ ಮೊದಲ ಸುತ್ತಿನ ಭಾಷಣಕ್ಕೆ 8 ನಿಮಿಷ, ಕಾಲೇಜಿನಲ್ಲಿ 9. ಅಲ್ಲಿ ಸ್ಪ್ರೆಡಿಂಗ್ ಅಂತ ಒಂದು ಪದ್ಧತಿ ಇದೆ. ಮಾಮೂಲಿ ಮಾತಿನಲ್ಲಿ ಇಂಗ್ಲಿಷ್ ಸುಮಾರು ನಿಮಿಷಕ್ಕೆ 150 ಪದ ಓಡಿದರೆ, ಸ್ಪ್ರೆಡಿಂಗ್‌ನಲ್ಲಿ 300 ದಾಟುತ್ತದೆ. ಹಲ್ಲಿನ ನಡುವೆ ಪೆನ್ನು ಕಚ್ಚಿಕೊಂಡು ಓದಿ ಓದಿ ನಾಲಿಗೆ ಪಳಗಿಸುತ್ತಾರೆ. ಎದುರಾಳಿಗೆ ಉತ್ತರಿಸೋಕೆ ಪುರಸೊತ್ತು ಸಿಗದಷ್ಟು ವಾದ ಹಾಕುವುದು ಇದರ ಉಪಾಯ.

(ಪದದ ಲೆಕ್ಕ ಕನ್ನಡಕ್ಕೆ ಹೊಂದಲ್ಲ ಬಿಡಿ. "ಬರಲಾಗಲಿಲ್ಲವಂತೆ" ಅನ್ನೋದು ನಮಗೆ ಒಂದು ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳೋಕೆ ಐದಾರು ಬೇಕು.)

ಈ ವೇಗ ಬೇಡ ಅಂತ ಅಮೆರಿಕದವರಿಗೂ ಅನಿಸಿತ್ತು. 1971ರಲ್ಲಿ ಸೀಡಾ ಅನ್ನೋ ಸಂಘ ಕಟ್ಟಿ ಕಾಲೇಜುಗಳಿಗೆ ಬೇರೆ ದಾರಿ ಮಾಡಿದರು. 1980ರ ಹೊತ್ತಿಗೆ ಹೈಸ್ಕೂಲಿಗೆ ಒಬ್ಬರಿಗೆ ಒಬ್ಬರು ಎದುರಾಗುವ ಲಿಂಕನ್-ಡಗ್ಲಸ್ ಡಿಬೇಟ್ ಬಂತು. 2002ರಲ್ಲಿ, ಡಿಬೇಟ್ ಗೊತ್ತಿಲ್ಲದ ಸಾಮಾನ್ಯರೂ ಕೂತು ಕೇಳಿ ತೀರ್ಪು ಕೊಡುವಂತಿರಲಿ ಅಂತ ಪಬ್ಲಿಕ್ ಫೋರಂ ಬಂತು. ಆಮೇಲೇನಾಯ್ತು? ಸೀಡಾದಲ್ಲೂ ವೇಗ ಏರಿತು, 1996ರಲ್ಲಿ ಅದು ಪಾಲಿಸಿ ಡಿಬೇಟಿನ ಜೊತೆಗೇ ಸೇರಿಕೊಂಡಿತು. ಲಿಂಕನ್-ಡಗ್ಲಸ್‌ನ ದೊಡ್ಡ ಪಂದ್ಯಗಳಲ್ಲಿ ಈಗ ಸ್ಪ್ರೆಡಿಂಗ್ ಮಾಮೂಲಿ. ಪಬ್ಲಿಕ್ ಫೋರಂ ಕೂಡ ಎಷ್ಟೋ ಕಡೆ ಅದೇ ದಾರಿ ಹಿಡಿದಿದೆ. ಪದ್ಧತಿ ಬದಲಾಯಿತು, ಹೆಸರು ಬದಲಾಯಿತು. ಜಡ್ಜ್ ಹಾಳೆಯ ಮೇಲೆ ಉತ್ತರ ಸಿಗದ ವಾದಗಳನ್ನು ಎಣಿಸುವುದು ಮಾತ್ರ ಹಾಗೇ ಉಳಿಯಿತು. ಎಣಿಕೆ ಇರುವವರೆಗೂ ಓಟ ಇದ್ದೇ ಇರುತ್ತೆ, ಅಲ್ವಾ?

ಹಾಗಂತ ವೇಗವಾಗಿ ಮಾತಾಡುವ ಮಕ್ಕಳ ಶ್ರಮ ಸಣ್ಣದಲ್ಲ. ರಾಶಿ ರಾಶಿ ಓದಿರುತ್ತಾರೆ. ಹತ್ತು ವಾದಗಳನ್ನು ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ಯಾವುದಕ್ಕೆ ಯಾವ ಉತ್ತರ ಅಂತ ಕ್ಷಣದಲ್ಲಿ ಜೋಡಿಸುತ್ತಾರೆ. ಅದನ್ನು ಕಂಡು ನನಗೆ ನಿಜವಾಗಲೂ ಗೌರವ ಬಂದಿದೆ. ಆದರೆ ಪಾಲಿಸಿ ಡಿಬೇಟಿನಲ್ಲಿ ಈಗ ಓದುವುದನ್ನೆಲ್ಲ ಮೊದಲೇ ಎದುರು ತಂಡಕ್ಕೂ ಜಡ್ಜ್‌ಗೂ ಇಮೇಲ್ ಮಾಡುವ ರೂಢಿ ಇದೆ. ಜಡ್ಜ್ ಸ್ಕ್ರೀನ್ ನೋಡಿಕೊಂಡು ಹಿಂಬಾಲಿಸುತ್ತಾರೆ. ಕಿವಿಗೆ ಕೆಲಸವೇ ಇಲ್ಲದ ಮೇಲೆ ಎದ್ದು ನಿಂತು ಮಾತಾಡುವುದು ಯಾಕೆ? ಇದು ನನಗೆ ಒಪ್ಪಿಗೆಯಾಗಿಲ್ಲ.

ಇದರ ಪೆಟ್ಟು ಜಾಸ್ತಿ ಬೀಳೋದು ಯಾರಿಗೆ ಗೊತ್ತಾ? ಇಂಗ್ಲಿಷ್ ಮನೆಮಾತಲ್ಲದವರಿಗೆ. ಕಿವಿ ಸ್ವಲ್ಪ ಮಂದ ಇರುವವರಿಗೆ. ಮಾತು ತಡವರಿಸುವವರಿಗೆ. ಅವರ ಹತ್ತಿರ ಗಟ್ಟಿ ವಾದ ಇರುತ್ತೆ, ಅದನ್ನು ನೂರು ಮೀಟರ್ ಓಟದಲ್ಲಿ ಹೊತ್ತು ಓಡೋಕೆ ಆಗಲ್ಲ ಅಷ್ಟೇ. ಡಿಬೇಟ್‌ಗೆ ಮೊದಲು ಬರಬೇಕಾದವರೇ ಅವರು.

ಬೇರೆ ಬೇರೆ ದೇಶಗಳ ಶಾಲಾ ತಂಡಗಳು ಸೇರುವ ವರ್ಲ್ಡ್ ಸ್ಕೂಲ್ಸ್ ಪದ್ಧತಿ ನನಗೆ ಇಷ್ಟ. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು. ಅಲ್ಲಿ ವಿಷಯಕ್ಕೆ 40 ಅಂಕ, ಹೇಳುವ ರೀತಿಗೆ 40, ತಂತ್ರಕ್ಕೆ 20. ಹೇಳುವ ರೀತಿಗೆ ಅಷ್ಟು ತೂಕ ಇದ್ದರೆ ಯಾರೂ ಸುಮ್ನೆ ಓಡಲ್ಲ. ಕಾಲೇಜು ಮಟ್ಟದ ಇನ್ನೊಂದು ಪದ್ಧತಿ ಬ್ರಿಟಿಷ್ ಪಾರ್ಲಿಮೆಂಟರಿಯಲ್ಲಿ ಹೇಳುವ ರೀತಿಗೆ ಬೇರೆ ಅಂಕ ಇಲ್ಲ. 7 ನಿಮಿಷದ ಭಾಷಣ, ನಡುವೆ ಎದುರಿನವರು ಎದ್ದು ಪ್ರಶ್ನೆ ಕೇಳಬಹುದು. ಆದರೆ ಲೋಕದ ಸುದ್ದಿ ಗೊತ್ತಿರುವ ಒಬ್ಬ ಸಾಮಾನ್ಯ ಮತದಾರನ ಜಾಗದಲ್ಲಿ ಕೂತು ಕೇಳಬೇಕು ಅಂತ ಜಡ್ಜ್‌ಗೆ ಹೇಳಿರುತ್ತಾರೆ. ಅದನ್ನು ನಾವು ಜಡ್ಜ್‌ಗಳು ಪ್ರಾಮಾಣಿಕವಾಗಿ ಪಾಲಿಸಿದರೆ ಸಾಕು.

ನಿಧಾನ ಮಾತಾಡಿದ್ದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಬಾಯಿಪಾಠ ಮಾಡಿಕೊಂಡು ಬಂದು, ಕೈ ಎತ್ತಿ ದನಿ ಏರಿಸಿ ಒಪ್ಪಿಸುವ ಭಾಷಣಗಳಿಗೆ ಬಹುಮಾನ ಕೊಟ್ಟಿದ್ದನ್ನೂ ನೋಡಿದ್ದೇನೆ. ಎದುರಿನವರು ಏನು ಹೇಳಿದರು ಅಂತ ಆ ಭಾಷಣಕ್ಕೆ ಗೊತ್ತೇ ಇರಲ್ಲ. ಅದು ಬೇರೆಯೇ ರೋಗ. ನನಗೆ ಬೇಕಾದ ಮಾತು ಹೇಗಿರಬೇಕು ಅಂದರೆ, ಉದಾಹರಣೆ ಹೇಳುವಾಗ ಸ್ವಲ್ಪ ಬೇಗ ಹೋಗಲಿ. ಮುಖ್ಯ ವಾಕ್ಯ ಬಂದಾಗ ನಿಧಾನ ಆಗಲಿ. ಒಂದು ವಾದ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಒಂದು ಉಸಿರು ನಿಲ್ಲಲಿ. ಆ ಒಂದು ಉಸಿರಿನಲ್ಲಿ ನನ್ನ ಪೆನ್ನು ಅವರ ಜೊತೆಗೆ ಬಂದು ಸೇರುತ್ತದೆ.

ಈಗ ಸ್ಪರ್ಧೆ ಶುರುವಾಗುವ ಮೊದಲೇ ಎರಡೂ ತಂಡಕ್ಕೆ ಹೇಳಿಬಿಡುತ್ತೇನೆ. ಅರ್ಥವಾಗದಿದ್ದರೆ "ಕ್ಲಿಯರ್" ಅಂತ ಕೂಗುತ್ತೇನೆ, ಎರಡು ಸಲ. ಆಮೇಲೂ ಅರ್ಥವಾಗದಿದ್ದರೆ ಪೆನ್ನು ಕೆಳಗಿಡುತ್ತೇನೆ. ಅವರಿಗೆ ಅದು ಕಾಣುವ ಹಾಗೆ ಇಡುತ್ತೇನೆ. ತೀರ್ಪು ಹೇಳುವಾಗ, ಗೆಲ್ಲಿಸಿದ ವಾದವನ್ನು ಹಾಳೆ ನೋಡದೆ ನನ್ನ ಮಾತಿನಲ್ಲಿ ಹೇಳುತ್ತೇನೆ. ಹೇಳೋಕೆ ಬರದಿದ್ದರೆ ಆ ವಾದ ನನ್ನ ಲೆಕ್ಕಕ್ಕಿಲ್ಲ.

ನೀವೂ ಜಡ್ಜ್ ಆಗಿ ಕೂರುವವರಾದರೆ ಇದನ್ನು ಒಂದು ಸಲ ಮಾಡಿ ನೋಡಿ. ಹೋದ ಸಲ ಒಬ್ಬ ಹುಡುಗ ನನ್ನ ಮೊದಲ "ಕ್ಲಿಯರ್"ಗೇ ನಿಂತ. ಕೈಯಲ್ಲಿದ್ದ ಹಾಳೆಗಳನ್ನು ನೋಡಿದ, ಎರಡನ್ನು ಮೇಜಿನ ಮೇಲಿಟ್ಟ, ಉಳಿದ ಒಂದನ್ನು ಹಿಡಿದು ಮಾತು ಮುಂದುವರಿಸಿದ.