ಕರಿಕಲ್ಲಿನ ಆಫೀಸು, ಹಾಲಿನ ಡೇರಿ

ಮಗಳ ಮನೆ ನ್ಯೂಜೆರ್ಸಿಯಲ್ಲಿ. ಹೋದ ಶನಿವಾರ ಇಬ್ಬರೂ ನ್ಯೂಯಾರ್ಕಿಗೆ ಹೋಗಿದ್ದೆವು. ಮೋಮಾ ಮ್ಯೂಸಿಯಂ ನೋಡಿ ಹೊರಗೆ ಬಂದು, 53ನೇ ಬೀದಿಯಲ್ಲಿ ಸಿಕ್ಸ್ತ್ ಅವೆನ್ಯೂ ಕಡೆ ಸ್ವಲ್ಪ ನಡೆದರೆ ಅಮೆರಿಕದ ಟೀವಿ ಕಂಪನಿ ಸಿಬಿಎಸ್ ಕಟ್ಟಿಸಿದ ಕಟ್ಟಡ. ಊರಿನವರ ಬಾಯಲ್ಲಿ ‘ಬ್ಲ್ಯಾಕ್ ರಾಕ್’. 38 ಮಹಡಿ, ಸುಮಾರು 490 ಅಡಿ, ಪೂರಾ ಕರಿ ಗ್ರಾನೈಟು.

ನಮ್ಮ ಚಾಮರಾಜನಗರದ ಕಲ್ಲಿರಬೇಕು ಅಂತ ಒಂದು ಕ್ಷಣ ಬೀಗಿದೆ. ಕೆನಡಾದ್ದಂತೆ! ಕೈಯಿಟ್ಟು ನೋಡಿದೆ. ನುಣುಪಿಲ್ಲ, ತರಿತರಿ.

ಇದರದೊಂದು ಆಟ ಇದೆ. ನೇರ ಎದುರಿಗೆ ನಿಂತರೆ 5 ಅಡಿ ಕಿಟಕಿ, 5 ಅಡಿ ಕಂಬ, ಹೀಗೇ ಸಾಲು. ಕಂಬಗಳು ಮುಕ್ಕೋನಾಗಿ ಹೊರಕ್ಕೆ ಚಾಚಿವೆ. ಹತ್ತು ಹೆಜ್ಜೆ ಪಕ್ಕಕ್ಕೆ ಸರಿದರೆ ಕಿಟಕಿಗಳು ಒಂದೊಂದಾಗಿ ಕಲ್ಲಿನ ಮರೆಗೆ ಹೋಗುತ್ತವೆ. ಕೊನೆಗೆ ಉಳಿಯುವುದು ಬರೀ ಕಪ್ಪು ಗೋಡೆ. ನಾನು ಮೂರು ಸಲ ಹಿಂದೆ ಮುಂದೆ ಓಡಾಡಿದೆ. ಸೆಕ್ಯೂರಿಟಿಯವನು ಒಂಥರಾ ನೋಡಿದ.

ಕಟ್ಟಡದ ವಿನ್ಯಾಸ ಈರೊ ಸಾರಿನೆನ್ ಅವರದು. ಅವರು ಮಾಡಿದ ಒಂದೇ ಒಂದು ಗಗನಚುಂಬಿ ಇದು. ಅದು ಎದ್ದು ನಿಂತಿದ್ದನ್ನು ಅವರು ನೋಡಲಿಲ್ಲ. 1961ರಲ್ಲಿ, 51ನೇ ವಯಸ್ಸಿಗೇ ತೀರಿಕೊಂಡರು. ಆಮೇಲೆ ಒಳಗಿನ ಪ್ರತಿಯೊಂದಕ್ಕೂ ಕಣ್ಣಿಟ್ಟವರು ಕಂಪನಿಯ ಅಧ್ಯಕ್ಷ ಫ್ರ್ಯಾಂಕ್ ಸ್ಟ್ಯಾಂಟನ್. ಗಡಿಯಾರದ ಅಂಕಿಗೂ ಇಂಥದೇ ಅಕ್ಷರ ಅಂತ ನಿಗದಿ. ಸಿಬ್ಬಂದಿ ಮೇಜಿನ ಮೇಲೆ ತಮಗಿಷ್ಟವಾದ ಚಿತ್ರ ಇಡುವುದಕ್ಕೂ ಕಟ್ಟುಪಾಡಿತ್ತು ಅನ್ನುತ್ತಾರೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಜೀವನವೆಲ್ಲ ಕಾಗುಣಿತ ತಿದ್ದಿದವನು ನಾನು. ಅಕ್ಷರದ ಮೇಲಿನ ಆ ಕಾಳಜಿ ನನಗೆ ತುಂಬಾ ಇಷ್ಟ. ಆದರೆ ಫೋಟೊ ವಿಷಯ ಜಾಸ್ತಿಯಾಯ್ತು, ಅಲ್ವಾ?

ಕ್ಯಾಂಟೀನಿನಲ್ಲಿ ಸಿಬಿಎಸ್‌ನ ಡಿಸೈನರ್ ಲೂ ಡಾರ್ಫ್ಸ್‌ಮನ್ ಅವರ ಒಂದು ಗೋಡೆ ಇತ್ತು. ಸುಮಾರು 35 ಅಡಿ ಉದ್ದ. ತಿಂಡಿ ತಿನಿಸಿನ ಹೆಸರುಗಳೆಲ್ಲ ಮರದ ಅಕ್ಷರಗಳಲ್ಲಿ, ಒಂದಕ್ಕೊಂದು ಒತ್ತಿಕೊಂಡು. ಮುಂದೆ ಬಂದವರು ಅದನ್ನು ಕಿತ್ತು ಹಾಕಿದರು. ಪುಣ್ಯಕ್ಕೆ ಯಾರೋ ಎತ್ತಿ ಉಳಿಸಿಕೊಂಡರು. ಈಗ ಅದು ಅಡುಗೆ ಕಲಿಸುವ ಒಂದು ಕಾಲೇಜಿನಲ್ಲಿದೆ. ಕಟ್ಟಡವನ್ನೂ 2021ರಲ್ಲಿ ಮಾರಿದರು, 76 ಕೋಟಿ ಡಾಲರಿಗೆ.

ನನ್ನ ತಕರಾರು ಬೇರೆ. ಇಷ್ಟೆಲ್ಲ ಗತ್ತಿನ ಈ ಕಟ್ಟಡ ಕಂಪನಿಯ ದೊರೆಗಳ ಆಫೀಸಾಗಿತ್ತು. ಟೀವಿ ಸುದ್ದಿ ತಯಾರಾಗುತ್ತಿದ್ದದ್ದು ಪಶ್ಚಿಮದ 57ನೇ ಬೀದಿಯಲ್ಲಿ, ಹಿಂದೆ ಹಾಲಿನ ಡೇರಿಯಾಗಿದ್ದ ಕಟ್ಟಡದಲ್ಲಿ. ನಾನಿದ್ದ ಪತ್ರಿಕೆಯಲ್ಲಿ ಸಂಪಾದಕರು ಮೇಲೆ, ಪ್ರಿಂಟಿಂಗ್ ಮೆಷಿನ್ ಕೆಳಗೆ. ರಾತ್ರಿ ಮೆಷಿನ್ ಶುರುವಾದರೆ ಸಂಪಾದಕರ ಮೇಜಿನ ಟೀ ಲೋಟವೂ ನಡುಗುತ್ತಿತ್ತು, ನಮ್ಮದೂ ನಡುಗುತ್ತಿತ್ತು. ತಪ್ಪು ಅಚ್ಚಾದರೆ ಮೆಟ್ಟಿಲಿಳಿದು ಓಡಿದರಾಯ್ತು, ಮೆಷಿನ್ ನಿಲ್ಲಿಸಬಹುದಿತ್ತು. ಕರಿಕಲ್ಲಿನ ಮನೆಯಲ್ಲಿ ಕೂತವರಿಗೆ ಆ ನಡುಕ ಎಲ್ಲಿಂದ ಗೊತ್ತಾಗಬೇಕು?

ಹಟ ಮಾಡಿ ಡೇರಿವರೆಗೂ ನಡೆದೆ. ಅರ್ಧ ಗಂಟೆ ಹಿಡಿಯಿತು. ಇಟ್ಟಿಗೆಯ ಗೋಡೆ, ಗಿಡ್ಡ ಕಟ್ಟಡ, ನೋಡುವಂಥದ್ದೇನೂ ಇಲ್ಲ.

“ಅಪ್ಪಾ, ಇದಕ್ಕಾ ಇಷ್ಟು ದೂರ ನಡೆಸಿದ್ದು?” ಅಂದಳು ಮಗಳು.

ಬ್ಲ್ಯಾಕ್ ರಾಕ್‌ದು ಒಂದು ಫೋಟೊ ತೆಗೆದಿದ್ದೆ. ಇದರದ್ದು ನಾಲ್ಕು ತೆಗೆದೆ.