ಎಸಿ ರೂಮಿನಲ್ಲಿ ಕಲಿಸಿದ ಫಾಂಡೆಂಟ್

ಭಾನುವಾರದಿಂದ ತಲೆ ಬಿಸಿಯಾಗಿದೆ. ಇವತ್ತು ಬರೆದೇ ಬಿಡುತ್ತೇನೆ.

ಮಗಳಿಗೆ ಆರು ವರ್ಷ ತುಂಬಿತು. ಅವಳಿಗೆ ನವಿಲಿನ ಕೇಕ್ ಬೇಕಿತ್ತು. ಎರಡು ತಿಂಗಳಿಂದ ಅದೇ ಮಾತು. ಬೇಕರಿಯಲ್ಲಿ ಹೇಳಿ ಮಾಡಿಸಬಹುದಿತ್ತು, ಆದರೆ ಅವಳ ಕೇಕ್ ನಾನೇ ಮಾಡಬೇಕು ಅಂತ ನನಗೆ ಆಸೆ. ಅದಕ್ಕೇ ಮೇ ತಿಂಗಳಲ್ಲಿ ಇಲ್ಲೇ ಮಂಗಳೂರಿನಲ್ಲಿ ಒಂದು ದಿನದ ಫಾಂಡೆಂಟ್ ಕ್ಲಾಸಿಗೆ ಹೋದೆ. ಫಾಂಡೆಂಟ್ ಅಂದರೆ ಲಟ್ಟಿಸಿ ಕೇಕಿಗೆ ಹೊದಿಸುವ, ಹೂವು ಗೊಂಬೆ ಮಾಡುವ ಸಕ್ಕರೆಯ ಹಿಟ್ಟು. ಫೀಸು 3000 ರೂಪಾಯಿ. ಮನೆಯ ಖರ್ಚಿನಲ್ಲಿ ಉಳಿಸಿದ ದುಡ್ಡು ಅದು.

ಕ್ಲಾಸಿನಲ್ಲಿ ಎಲ್ಲವೂ ಚೆನ್ನಾಗಿಯೇ ಬಂತು. ನಾದಿದೆವು, ಲಟ್ಟಿಸಿದೆವು, ಗುಲಾಬಿ ಮಾಡಿದೆವು. ಅಂಚು ಆನೆ ಚರ್ಮದ ಹಾಗೆ ಬಿರುಕು ಬಿಟ್ಟರೆ ಸ್ವಲ್ಪ ತುಪ್ಪ ಸವರಿ ಮತ್ತೆ ನಾದಿ ಅಂದರು, ಅದೂ ಸರಿ. ಆದರೆ ಎರಡು ವಿಷಯ ನನಗೆ ಆಗ ಹೊಳೆಯಲೇ ಇಲ್ಲ. ರೂಮಿನಲ್ಲಿ ಎಸಿ ಓಡುತ್ತಿತ್ತು. ನಾವು ಹೊದಿಸಿದ್ದು ಕೇಕಿಗಲ್ಲ, ಥರ್ಮಾಕೋಲಿನ ದಿಂಡಿಗೆ.

ಶನಿವಾರ ರಾತ್ರಿ ಕೇಕಿಗೆ ವಿಪ್ಪಿಂಗ್ ಕ್ರೀಮ್ ಬಳಿದು ನುಣ್ಣಗೆ ಮಾಡಿದೆ. ನೀಲಿ ಫಾಂಡೆಂಟ್ ಲಟ್ಟಿಸಿ ಹೊದಿಸಿದೆ. ನವಿಲಿನ ಕತ್ತು, ಗರಿ, ಗರಿಯ ಕಣ್ಣುಗಳನ್ನೆಲ್ಲ ಬುಧವಾರದಿಂದಲೇ ಮಾಡಿ ಒಣಗಲು ಇಟ್ಟಿದ್ದೆ. ಒಂದೂ ಒಣಗಿರಲಿಲ್ಲ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಕಾರ್ನ್‌ಫ್ಲೋರ್ ಉದುರಿಸಿದೆ, ಅದೂ ನೀರು ಕುಡಿದು ಅಂಟಾಯಿತು. ಹೇಗೋ ಜೋಡಿಸಿ ಫ್ರಿಜ್ಜಿಗೆ ಇಟ್ಟಾಗ ರಾತ್ರಿ ಒಂದು ಗಂಟೆ.

ಭಾನುವಾರ ಐದು ಗಂಟೆಗೆ ಮಕ್ಕಳು ಬರುವವರಿದ್ದರು. ನಾಲ್ಕಕ್ಕೆ ಕೇಕ್ ಹೊರಗೆ ತೆಗೆದೆ. ಹೊರಗೆ ಜಡಿಮಳೆ. ಇಪ್ಪತ್ತು ನಿಮಿಷ ಆಗಿರಬೇಕು ಅಷ್ಟೆ, ಕೇಕ್ ಮೇಲೆ ಬೆವರಿನ ಹಾಗೆ ಹನಿ ಮೂಡಿತು. ಹನಿ ಸೇರಿ ಧಾರೆಯಾಯಿತು. ನೀಲಿ ಬಣ್ಣ ಬೋರ್ಡಿನ ಮೇಲೆ ಇಳಿಯಿತು. ಒಳಗಿನ ಕ್ರೀಮ್ ಜಾರಿ ಫಾಂಡೆಂಟ್ ಸೀರೆ ನೆರಿಗೆಯ ಹಾಗೆ ಕೆಳಗೆ ಕೂತಿತು. ನವಿಲಿನ ಕತ್ತು ಬಗ್ಗಿತು, ಆಮೇಲೆ ಬಿದ್ದೇ ಹೋಯಿತು.

ಮಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅಳಲಿಲ್ಲ. "ಎಲ್ಲರೂ ಬರುವ ಮೊದಲೇ ಕಟ್ ಮಾಡುವಾ ಅಮ್ಮ?" ಅಂತ ಕೇಳಿದಳು.

ಆ ಮಾತು ಇನ್ನೂ ಹೊಟ್ಟೆಯಲ್ಲಿ ಉರಿಯುತ್ತಿದೆ.

ಸೋಮವಾರ ಕ್ಲಾಸಿನವರಿಗೆ ಫೋನ್ ಮಾಡಿದೆ. ಏನಾಯಿತು ಅಂತ ಪೂರ್ತಿ ಹೇಳುವ ಮೊದಲೇ, "ವಿಪ್ಪಿಂಗ್ ಕ್ರೀಮ್ ಮೇಲೆ ಹಾಕಿದ್ರಾ? ಅದರ ಮೇಲೆ ನಿಲ್ಲುದಿಲ್ಲ ಮೇಡಂ. ಅದೆಲ್ಲ ಅಡ್ವಾನ್ಸ್ ಕ್ಲಾಸಲ್ಲಿ ಹೇಳ್ತೇವೆ" ಅಂದರು.

ಅಡ್ವಾನ್ಸ್ ಕ್ಲಾಸಿನಲ್ಲಾ? ಫಾಂಡೆಂಟಿನ ಕೆಳಗೆ ಏನಿರಬೇಕು ಅನ್ನುವುದು ಮೊದಲ ಪಾಠ ಅಲ್ವಾ? ಮನೆ ಕಟ್ಟುವುದನ್ನು ಕಲಿಸುತ್ತೇವೆ ಅಂತ ದುಡ್ಡು ತೆಗೆದುಕೊಂಡು ಪಾಯದ ವಿಷಯಕ್ಕೆ ಬೇರೆ ಫೀಸು ಕೇಳುವುದು ಯಾವ ನ್ಯಾಯ? ನಾವು ಮನೆಯಲ್ಲಿ ಕೇಕ್ ಮಾಡುವವರು ಹೆಚ್ಚಾಗಿ ಬಳಸುವುದೇ ವಿಪ್ಪಿಂಗ್ ಕ್ರೀಮ್. ಅದು ಅವರಿಗೂ ಗೊತ್ತು. ಪ್ಯಾಕೆಟ್ ಮಾರಿದ ಅಂಗಡಿಯವರಿಗೂ ಗೊತ್ತು. ಯಾವ ಕೇಕಿಗೂ ಹಾಕಬಹುದು ಅಂತ ಹೇಳಿ ಎರಡು ಕಿಲೋ ಕೊಟ್ಟರು.

ವಿಷಯ ಅಷ್ಟು ಕಷ್ಟದ್ದೂ ಅಲ್ಲ. ಫಾಂಡೆಂಟ್ ಅಂದರೆ ಹೆಚ್ಚೂಕಡಿಮೆ ಪೂರ್ತಿ ಸಕ್ಕರೆ. ಜೊತೆಗೆ ಗ್ಲೂಕೋಸ್, ಗ್ಲಿಸರಿನ್, ಸ್ವಲ್ಪ ಅಂಟು. ಸಕ್ಕರೆ ನೀರನ್ನು ಎಳೆಯುತ್ತದೆ. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವುದನ್ನು, ಸಕ್ಕರೆ ಡಬ್ಬಿ ಗಟ್ಟಿಯಾಗಿ ಮುಚ್ಚದಿದ್ದರೆ ಏನಾಗುತ್ತದೆ ಅನ್ನುವುದನ್ನು ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜುಲೈಯಲ್ಲಿ ನಮ್ಮ ಗಾಳಿಯ ತೇವಾಂಶ ಶೇಕಡಾ 90 ದಾಟುವುದು ಮಾಮೂಲಿ. ಮೇಲಿನಿಂದ ಗಾಳಿಯ ನೀರು, ಕೆಳಗಿನಿಂದ ಕ್ರೀಮಿನ ನೀರು. ನಡುವೆ ಫಾಂಡೆಂಟ್ ಹೇಗೆ ಉಳಿಯಬೇಕು? ಕ್ರೀಮ್ ಫ್ರಿಜ್ಜಿನಲ್ಲೇ ಇರಬೇಕು. ಫಾಂಡೆಂಟಿಗೆ ಫ್ರಿಜ್ಜು ಆಗುವುದಿಲ್ಲ. ತಣ್ಣಗಿನ ಕೇಕ್ ನಮ್ಮ ಗಾಳಿಗೆ ಬಂದ ಕೂಡಲೇ ಬೆವರುತ್ತದೆ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಎರಡೇ ನಿಮಿಷ.

ಈಗ ನಾನೇ ಕೇಳಿ, ಹುಡುಕಿ ತಿಳಿದುಕೊಂಡಿದ್ದೇನೆ. ಕೆಳಗೆ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿದ ಮಿಶ್ರಣ, ಹಾಕಬೇಕಂತೆ. ಡಾರ್ಕ್ ಚಾಕೊಲೇಟ್ ಎರಡು ಪಾಲಿಗೆ ಕ್ರೀಮ್ ಒಂದು ಪಾಲು, ಬಿಳಿ ಚಾಕೊಲೇಟ್ ಆದರೆ ಮೂರು ಪಾಲಿಗೆ ಒಂದು. ಇದಕ್ಕೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಫ್ರೆಶ್ ಕ್ರೀಮೇ ಸಾಕು. ರಾತ್ರಿಯಿಡೀ ಬಿಟ್ಟರೆ ಅದು ಗೋಡೆಯ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಫಾಂಡೆಂಟ್ ನಿಲ್ಲುತ್ತದೆ, ಕೇಕನ್ನು ಫ್ರಿಜ್ಜಿಗೆ ಇಡುವ ತಾಪತ್ರಯವೂ ಇಲ್ಲ. ಇಡಲೇಬೇಕಾದರೆ ರಟ್ಟಿನ ಡಬ್ಬಿಯಲ್ಲಿ ಮುಚ್ಚಿ ಇಡಬೇಕು. ಹೊರಗೆ ತೆಗೆದ ಮೇಲೂ ತಣ್ಣಗಿರುವುದು ಹೋಗುವವರೆಗೆ ಡಬ್ಬಿ ತೆರೆಯಬಾರದು. ಗೊಂಬೆಗಳಿಗೆ ಸಿಎಂಸಿ ಅನ್ನುವ, ತಿನ್ನಬಹುದಾದ ಅಂಟಿನ ಪುಡಿ ಹಾಕಿ ನಾದಬೇಕು, ಆಗ ಬೇಗ ಗಟ್ಟಿಯಾಗುತ್ತವೆ. ಆ ಪುಡಿಯ ಹೆಸರನ್ನೂ ಕ್ಲಾಸಿನಲ್ಲಿ ಯಾರೂ ಎತ್ತಲಿಲ್ಲ. ಇನ್ನೊಂದು, ಕೆಲವು ಫಾಂಡೆಂಟಿನಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಅಂಟು. ನಮ್ಮ ಅತ್ತೆ ಮೊಟ್ಟೆ ಕೂಡ ತಿನ್ನುವವರಲ್ಲ. ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ನೋಡಿ ತೆಗೆದುಕೊಳ್ಳಿ ಅಂತ ಕೂಡ ಕ್ಲಾಸಿನವರು ಹೇಳಲಿಲ್ಲ, ನಾನೇ ನೋಡಿ ತಂದೆ.

ನಿನ್ನೆ ಪಕ್ಕದ ಮನೆಯ ಆಂಟಿಯ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವರ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಕುಸ್ವಾರ್ ಅನ್ನುವ ಹಬ್ಬದ ತಿಂಡಿಗಳ ಜೊತೆ ಮಾರ್ಜಿಪಾನ್, ಅಂದರೆ ಗೇರುಬೀಜ ಅರೆದು ಸಕ್ಕರೆ ಸೇರಿಸಿದ ಸಿಹಿ, ಮಾಡುತ್ತಾರೆ. ಅಚ್ಚಿನಲ್ಲಿ ಒತ್ತಿ, ಹೂವು, ಹಣ್ಣು ಅಂತ ಎಷ್ಟು ಚಂದ ಇರುತ್ತದೆ. "ಮಳೆಗಾಲದಲ್ಲಿ ನಾನು ಅದಕ್ಕೆ ಕೈ ಹಾಕುದೇ ಇಲ್ಲ ಮಗಾ, ಒಣಗ್ಲಿಕ್ಕೆ ಡಿಸೆಂಬರಿನ ಗಾಳಿ ಬೇಕು" ಅಂದರು. ಒಂದು ರೂಪಾಯಿ ತೆಗೆದುಕೊಳ್ಳದೆ, ಬಾಗಿಲಲ್ಲಿ ನಿಂತೇ ಹೇಳಿದರು. ಮೂರು ಸಾವಿರ ತೆಗೆದುಕೊಂಡವರು ಇಡೀ ದಿನ ಕೂರಿಸಿಕೊಂಡು ಇದನ್ನು ಹೇಳಲಿಲ್ಲ. ಮುಂದಿನ ತಿಂಗಳೇ ಮಳೆ ಶುರು ಅಂತ ಗೊತ್ತಿದ್ದೂ ಹೇಳಲಿಲ್ಲ.

ಕೆಲವರು ನನಗೇ ಬುದ್ಧಿ ಹೇಳಿದರು. ಮಕ್ಕಳು ಹೇಗೂ ಫಾಂಡೆಂಟ್ ಸುಲಿದು ತಟ್ಟೆಯಲ್ಲಿ ಬಿಡುತ್ತಾರೆ, ಸುಮ್ನೆ ಯಾಕೆ ಕಷ್ಟಪಟ್ಟೆ ಅಂತ. ಬಿಡಲಿ, ನನಗೇನೂ ಬೇಸರ ಇಲ್ಲ. ಬಾಗಿಲು ತೆರೆದು ಬಂದ ಗೆಳತಿಯರಿಗೆ ನನ್ನ ಮಗಳು ಆ ನವಿಲನ್ನು ತೋರಿಸಬೇಕಿತ್ತು. ಒಂದು ನಿಮಿಷ ಆದರೂ ಸಾಕಿತ್ತು.

ನಾನು ಕ್ಲಾಸಿನವರಿಗೆ ಬರೆದು ಕಳಿಸಿದ್ದೇನೆ. ದುಡ್ಡು ವಾಪಸ್ ಕೇಳಲಿಲ್ಲ. ಮುಂದೆ ಸೇರುವವರಿಗೆ ಮೊದಲ ಹತ್ತು ನಿಮಿಷದಲ್ಲೇ ಇದನ್ನು ಹೇಳಿ, ಥರ್ಮಾಕೋಲ್ ಬಿಟ್ಟು ನಿಜವಾದ ಕೇಕ್ ಮೇಲೆ ಒಮ್ಮೆಯಾದರೂ ಮಾಡಿಸಿ ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ. ಅದೇ ನಂಬರಿನಿಂದ ಇವತ್ತು ಬೆಳಿಗ್ಗೆ ಆಗಸ್ಟ್ ಬ್ಯಾಚಿನ ಜಾಹೀರಾತು ಬಂದಿದೆ. ಮೂರು ಸಲ ಓದಿದೆ. ಮಳೆಯ ಬಗ್ಗೆ, ಕ್ರೀಮಿನ ಬಗ್ಗೆ ಒಂದು ಅಕ್ಷರವೂ ಇಲ್ಲ.